ಜಾವಾದ ಕೆರಿಸ್ ಒರೆ: ಯಾವ ಊರಿನದು, ಯಾವ ಸಂದರ್ಭದ್ದು ಎಂದು ಗುರುತಿಸುವ ಬಗೆ

ಇಂಡೊನೇಷ್ಯಾದ ಜಾವಾ ದ್ವೀಪದ ಕಠಾರಿಯಾದ ಕೆರಿಸ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಲೆಯಲೆಯಾಗಿ ಬಳುಕುವ ಅಲಗು. ಆದರೆ ಜಾವಾದ ಮದುವೆಮನೆಯಲ್ಲೋ ಅರಮನೆಯ ಅಂಗಳದಲ್ಲೋ ಕೆರಿಸ್ ಧರಿಸಿ ನಿಂತವರನ್ನು ನೋಡಿದರೆ ಆ ಅಲಗು ಕಣ್ಣಿಗೆ ಬೀಳುವುದೇ ಇಲ್ಲ. ಬೆನ್ನ ಹಿಂದೆ, ಸೊಂಟಕ್ಕೆ ಬಿಗಿದ ಪಟ್ಟಿಯ ಮೇಲೆ ಚಾಚಿಕೊಂಡ ಒರೆಯ ತಲೆ ಮತ್ತು ಹಿಡಿ ಕಾಣುತ್ತವೆ, ಅಷ್ಟೆ. ಧರಿಸಿದವರು ಯಾವ ಆಸ್ಥಾನದ ಪದ್ಧತಿಯವರು, ಎಂಥ ಸಮಾರಂಭಕ್ಕೆ ಹೊರಟಿದ್ದಾರೆ ಎಂಬುದನ್ನೆಲ್ಲ ಹೇಳುವುದು ಒರೆ. ಅಲಗು ಎಲ್ಲಿ, ಯಾವ ಕಾಲದಲ್ಲಿ ಹುಟ್ಟಿತು ಎಂಬುದು ಬೇರೆಯೇ ಪ್ರಶ್ನೆ.

ಜಾವಾದ ಬಲ್ಲವರು ಈ ಎರಡು ಪ್ರಶ್ನೆಗಳನ್ನು ಎಂದೂ ಬೆರೆಸುವುದಿಲ್ಲ. ಅಲಗಿನ ಕಾಲದೇಶಗಳ ಅಂದಾಜಿಗೆ ‘ತಂಗ್ಗುಹ್’ ಎನ್ನುತ್ತಾರೆ, ಒರೆಯ ಶೈಲಿಗೆ ‘ಗಗ್ರಕ್’ ಎನ್ನುತ್ತಾರೆ. ಅಲಗು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಒರೆ ಹಳತಾಗುತ್ತದೆ, ಒಡೆಯುತ್ತದೆ, ಒಡೆಯ ಬದಲಾದಾಗ ತಾನೂ ಬದಲಾಗುತ್ತದೆ. ಜಾವಾದ ಹಳೆಯ ಮಜಾಪಾಹಿತ್ ಸಾಮ್ರಾಜ್ಯದ ಕಾಲದ್ದೆಂದು ಅಂದಾಜಿಸಿದ ಅಲಗು, ಮಧ್ಯ ಜಾವಾದ ಅರಮನೆಯೂರಾದ ಸುರಕರ್ತದ 20ನೇ ಶತಮಾನದ ಒರೆಯಲ್ಲಿ ಕೂತಿರುವುದು ತೀರಾ ಸಾಮಾನ್ಯ. ಒರೆ ಸುರಕರ್ತದ್ದು ಎಂದಮಾತ್ರಕ್ಕೆ ಅಲಗೂ ಅಲ್ಲಿಯದೇ ಎಂದು ಬರೆದುಬಿಡುವುದು ಮಾರಾಟದ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ಒರೆಯ ಅಂಗಗಳು

ಜಾವಾದ ಒರೆಯಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಮೇಲೆ ಅಡ್ಡಕ್ಕೆ ಚಾಚಿರುವ ಮರದ ತಲೆಯೇ ವರಂಗ್ಕ. ಮಾತಿನಲ್ಲಿ ಇಡೀ ಒರೆಯನ್ನೂ ಹಾಗೆಯೇ ಕರೆಯುತ್ತಾರೆ. ತಲೆಯನ್ನಷ್ಟೇ ಹೇಳಬೇಕಾದಾಗ ‘ಅತಾಸನ್’ ಎನ್ನುವುದುಂಟು. ಅದರಿಂದ ಕೆಳಕ್ಕೆ ಇಳಿಯುವ, ಅಲಗನ್ನು ಒಳಗಿಟ್ಟುಕೊಳ್ಳುವ ಕೊಳವೆಯಂಥ ಭಾಗ ಗಂದಾರ್. ಗಂದಾರಿನ ಮೇಲೆ ತೊಡಿಸುವ ಲೋಹದ ಕವಚ ಪೆಂಡೊಕ್.

ಒರೆಯ ಹೊರಗೆ, ಆದರೆ ಒರೆಯ ಲೆಕ್ಕದಲ್ಲೇ ಬರುವ ಇನ್ನೆರಡು ಸಂಗತಿಗಳಿವೆ. ಅಲಗಿನ ಬುಡದಲ್ಲಿ ಪ್ರತ್ಯೇಕವಾಗಿ ಮಾಡಿ ಕೂರಿಸಿದ ಅಡ್ಡತುಂಡು ಒಂದಿದೆ, ಅದು ಗೊಂಜೊ. ಒಂದು ಕಡೆ ಅಗಲವಾಗಿ ಹಲ್ಲಿಯ ತಲೆಯ ಆಕಾರಕ್ಕೆ ಬಂದಿರುತ್ತದೆ, ಇನ್ನೊಂದು ಕಡೆ ಬಾಲದಂತೆ ಸಣ್ಣಗಾಗುತ್ತದೆ. ಹಿಡಿಗೂ ಗೊಂಜೊಗೂ ನಡುವೆ ಮೆಂಡಕ್ ಎಂಬ ಉಂಗುರ ಕೂರುತ್ತದೆ. ಅಲಗಿನ ತೊಟ್ಟು, ಅಂದರೆ ಪೆಸಿ, ಮೆಂಡಕ್ಕಿನ ಮೂಲಕ ಹಾದು ಹಿಡಿಯೊಳಗೆ ಇಳಿಯುತ್ತದೆ. ಬಟ್ಟೆಯನ್ನೋ ಕೂದಲನ್ನೋ ಸುತ್ತಿ ಬಿಗಿ ಮಾಡಿರುತ್ತಾರೆ, ಅಂಟು ಹಾಕುವ ವಾಡಿಕೆಯಿಲ್ಲ. ಈ ಎರಡು ವಿಷಯ, ಗೊಂಜೊದ ಏರುಪೇರಾದ ಆಕಾರ ಮತ್ತು ಅಂಟಿಲ್ಲದ ಹಿಡಿ, ತಲೆಯಲ್ಲಿದ್ದರೆ ಮುಂದೆ ಹೇಳುವ ಹಾನಿಗಳಲ್ಲಿ ಅರ್ಧ ತಪ್ಪುತ್ತವೆ.

ಲದ್ರಂಗ್, ಗಯಾಮನ್ ಮತ್ತು ಮೂರನೆಯದು

ಊರಿನ ಶೈಲಿಗೆ ಹೋಗುವ ಮೊದಲು ಸಂದರ್ಭದ ಶೈಲಿಯನ್ನು ತಿಳಿಯಬೇಕು. ಮಧ್ಯ ಜಾವಾದಲ್ಲಿ ಒರೆಗಳು ಮೊದಲು ಸಂದರ್ಭಕ್ಕೆ ತಕ್ಕಂತೆ ಒಡೆಯುತ್ತವೆ, ಆಮೇಲಷ್ಟೇ ಊರಿಗೆ ತಕ್ಕಂತೆ.

ಲದ್ರಂಗ್ ಎಂಬುದು ಸಮಾರಂಭದ ಒರೆ. ಮಧ್ಯ ಜಾವಾದ ಇನ್ನೊಂದು ಅರಮನೆಯೂರಾದ ಯೋಗ್ಯಕರ್ತದಲ್ಲಿ ಇದಕ್ಕೆ ಬ್ರಂಗ್ಗಾಹ್ ಎನ್ನುತ್ತಾರೆ. ತಲೆಭಾಗ ಉದ್ದಕ್ಕೆ ಚಾಚಿ ತುದಿಗಳಲ್ಲಿ ಮೇಲೆದ್ದಿರುತ್ತದೆ. ಮೇಲೆದ್ದ ಅಂಚು ಅಂಗ್ಕುಪ್. ಎಲೆಯಂತೆ ತೆಳುವಾಗಿ ಹೊರಕ್ಕೆ ಬಾಗಿ ಸುರುಳಿಯಾಗುವ ಭಾಗ ಗೊಡೊಂಗ್. ಇವುಗಳ ಜೊತೆಗೆ ಲತಾ, ಗಲ್ಲದಂತೆ ಉಬ್ಬಿದ ಜಂಗ್ಗುತ್, ಗಂಡೆಕ್ ಎಂಬ ಭಾಗಗಳೂ ತಲೆಯಲ್ಲಿವೆ. ಅರಸನ ಮುಂದೆ ಹೋಗುವಾಗ, ಪಟ್ಟಾಭಿಷೇಕದಲ್ಲಿ, ಅಧಿಕಾರ ವಹಿಸಿಕೊಳ್ಳುವಾಗ, ಮದುವೆಯಲ್ಲಿ ಈ ಒರೆ.

ಗಯಾಮನ್ ದಿನಬಳಕೆಯದು. ಗಯಾಮ್ ಎಂಬ ಮರದ ಕಾಯಿಯ ಆಕಾರ ಅದಕ್ಕೆ. ಅಂಗ್ಕುಪ್ ಇಲ್ಲ, ಗೊಡೊಂಗ್ ಇಲ್ಲ, ಗಂಡೆಕ್ ಇಲ್ಲ. ದುಂಡಗೆ, ಗಿಡ್ಡಗೆ, ಕೈಗೆ ತೊಡಕಾಗದಂತೆ ಇರುತ್ತದೆ. ಹಿಂದೆ ಯುದ್ಧಕ್ಕೆ ಹೋಗುವಾಗಲೂ ಗಯಾಮನ್ನೇ. ಲದ್ರಂಗಿನ ಚಾಚಿದ ತುದಿಗಳು ಬಟ್ಟೆಗೆ, ಬಳ್ಳಿಗೆ, ಪಕ್ಕದವನ ತೋಳಿಗೆ ಸಿಕ್ಕಿಕೊಳ್ಳುತ್ತವೆ, ಕುದುರೆ ಮೇಲಂತೂ ಅದು ಕಾಟವೇ.

ಮೂರನೆಯದು ಸಂಡಂಗ್ ವಲಿಕತ್. ಇದಕ್ಕೆ ಅಡ್ಡತಲೆ ಎಂಬುದು ಹೆಸರಿಗಷ್ಟೇ. ಗಂದಾರೇ ಮೇಲಕ್ಕೆ ಬೆಳೆದು ಸ್ವಲ್ಪ ಅಗಲವಾದಂತೆ ಕಾಣುತ್ತದೆ. ಪ್ರಯಾಣದಲ್ಲಿ ಕಂಕುಳ ಬಳಿ ಮರೆಯಾಗಿ ಇಟ್ಟುಕೊಳ್ಳಲು ಅನುಕೂಲ. ಸಂಗ್ರಾಹಕರು ಇದನ್ನು ಬಡವರ ಒರೆ ಎಂದು ಕಡೆಗಣಿಸುವುದುಂಟು. ಅದು ತಪ್ಪು ತಿಳಿವಳಿಕೆ. ಒಂದೇ ಮರದ ತುಂಡಿನಲ್ಲಿ ನೇರ ಎಳೆ ಹಿಡಿದು ಮಾಡಿದ ಒಳ್ಳೆಯ ಸಂಡಂಗ್ ವಲಿಕತ್, ಅಂಟಿಸಿದ ಲದ್ರಂಗಿಗಿಂತ ಹೆಚ್ಚು ಬಾಳುತ್ತದೆ.

ಧರಿಸುವ ಕ್ರಮಕ್ಕೂ ಒರೆಯ ಆಕಾರಕ್ಕೂ ನೇರ ಸಂಬಂಧವಿದೆ. ಕೊಡವರು ಪೀಚೆಕತ್ತಿಯನ್ನು ಚೇಲೆಯ ಮುಂಭಾಗಕ್ಕೆ ಸಿಕ್ಕಿಸುತ್ತಾರಲ್ಲ, ಜಾವಾದ ಆಸ್ಥಾನದಲ್ಲಿ ಅದಕ್ಕೆ ತದ್ವಿರುದ್ಧ: ಕೆರಿಸ್ ಬೆನ್ನ ಹಿಂದೆ, ಸೊಂಟಕ್ಕೆ ಸುತ್ತಿದ ಸ್ತಗೆನ್ ಪಟ್ಟಿಯ ಮಡಿಕೆಗಳ ನಡುವೆ ಹೋಗುತ್ತದೆ. ಅರಸನ ಎದುರು ಕುಳಿತವನ ಕೈ ಆಯುಧದಿಂದ ದೂರವಿರಲಿ ಎಂಬ ಎಚ್ಚರಿಕೆಯೂ ಇದರಲ್ಲಿದೆ. ಹಿಡಿ ಬಲಕ್ಕೆ ವಾಲುವಂತೆ ಓರೆಯಾಗಿ ಧರಿಸುವುದು ‘ಒಗ್ಲೆಂಗ್’, ಬೆನ್ನುಮೂಳೆಗೆ ಸಮನಾಗಿ ನೆಟ್ಟಗೆ ನಿಲ್ಲಿಸುವುದು ‘ಕ್ಲಬಂಗ್ ಪಿನಿಪಿತ್’, ಎಡಪಕ್ಕದಲ್ಲಿ ತೂಗುಬಿಡುವುದು ‘ಅಂಗ್ಗರ್’ ಅಥವಾ ‘ನ್ಗಂಗ್ಗರ್’. ಸುರಕರ್ತದ ಬೆಸ್ಕಪ್ ಅಂಗಿಯ ಹಿಂಭಾಗವನ್ನು ಗಿಡ್ಡವಾಗಿ ಕತ್ತರಿಸಿರುವುದು ಇದೇ ಕಾರಣಕ್ಕೆ, ಒರೆಯ ತಲೆ ಬಟ್ಟೆಯಡಿ ಸಿಕ್ಕಿಬೀಳದೆ ಹೊರಗೆ ನಿಲ್ಲಲಿ ಎಂದು.

1755ರಲ್ಲಿ ಒಡೆದ ಮನೆ

ಸುರಕರ್ತ ಮತ್ತು ಯೋಗ್ಯಕರ್ತ ಊರುಗಳ ನಡುವಿನ ದೂರ ಸುಮಾರು 60 ಕಿ.ಮೀ. ಆದರೂ ಒರೆಯಲ್ಲಿ ಎರಡು ಬೇರೆ ಲೋಕ. ಮತಾರಾಮ್ ರಾಜ್ಯ 1755ರ ಫೆಬ್ರವರಿ 13ರ ಗಿಯಾಂತಿ ಒಪ್ಪಂದದಿಂದ ಎರಡಾಯಿತು. ಸುರಕರ್ತದಲ್ಲಿ ಸುಸುಹುನನ್ ಎಂಬ ಬಿರುದಿನ ಅರಸ, ಯೋಗ್ಯಕರ್ತದಲ್ಲಿ ಸುಲ್ತಾನ. ಅದಾದ ಮೇಲೆ ಎರಡೂ ಅರಮನೆಗಳು ಉಡುಪು, ನೃತ್ಯ, ಬಾತಿಕ್, ಗಮೆಲನ್ ವಾದ್ಯಮೇಳ, ಕೆರಿಸ್ ಎಲ್ಲದರಲ್ಲೂ ತಮ್ಮ ಗುರುತನ್ನು ಬೇರೆ ಮಾಡಿಕೊಂಡವು. ಸಾಮಾನ್ಯವಾಗಿ ಹೇಳುವ ಮಾತೆಂದರೆ, ಯೋಗ್ಯಕರ್ತ ಹಳೆಯ ಮತಾರಾಮ್ ಪದ್ಧತಿಯ ಮಿತವನ್ನು ಉಳಿಸಿಕೊಂಡಿತು, ಸುರಕರ್ತ ಹೊಸದಾಗಿ, ಸಮೃದ್ಧವಾಗಿ ಬೆಳೆಸಿತು. ಒರೆಗಳನ್ನು ಅಕ್ಕಪಕ್ಕ ಇಟ್ಟರೆ ಈ ಮಾತು ಬಹುಪಾಲು ನಿಜವೆಂದೇ ಕಾಣುತ್ತದೆ.

ಸುರಕರ್ತದ ಲದ್ರಂಗ್ ದೊಡ್ಡದು, ತುಂಬಿಕೊಂಡದ್ದು. ತಲೆ ಉದ್ದಕ್ಕೆ ಹರಡಿರುತ್ತದೆ, ಗೊಡೊಂಗ್ ಭಾಗ ಧಾರಾಳವಾಗಿ ಹೊರಕ್ಕೆ ತೆರೆದುಕೊಳ್ಳುತ್ತದೆ. ಯೋಗ್ಯಕರ್ತದ ಬ್ರಂಗ್ಗಾಹ್ ಅದಕ್ಕಿಂತ ಚಿಕ್ಕದು, ತೆಳು. ಅದರ ಗೊಡೊಂಗ್ ಬೇಗ ಬಾಗಿ ಬಿಗಿಯಾದ ಸುರುಳಿಗೆ ಬರುತ್ತದೆ. ಎರಡನ್ನೂ ಗೋಡೆಯ ಮೇಲೆ ನೆರಳು ಮಾಡಿ ನೋಡಿದರೆ ಸಾಕು, ಮರ-ಲೋಹ ಯಾವುದೂ ಬೇಡ, ಆಕೃತಿಯೇ ಹೇಳಿಬಿಡುತ್ತದೆ. ಹೊಸಬರು ಮೊದಲು ಅಭ್ಯಾಸ ಮಾಡಬೇಕಾದದ್ದು ಇದನ್ನೇ. ಕೆತ್ತನೆಗೂ ಹೊಳಪಿಗೂ ಮನಸೋಲುವ ಮುನ್ನ ಬರೀ ಹೊರಗೆರೆ ನೋಡಬೇಕು.

ಗಯಾಮನ್‌ನಲ್ಲಿ ವ್ಯತ್ಯಾಸ ಸೂಕ್ಷ್ಮ. ಆಕೃತಿ ಚಿಕ್ಕದಾದ್ದರಿಂದ ಎರಡು ಊರುಗಳ ನಡುವಿನ ಅಂತರವೂ ಕೆಲವೇ ಮಿಲಿಮೀಟರ್‌ಗಳ ಬಾಗುವಿಕೆಯಲ್ಲಿ ಅಡಗಿರುತ್ತದೆ. ಸುರಕರ್ತದಲ್ಲಿ ಗಂಡೊನ್, ಮಾವಿನ ಓಟೆಯ ಆಕಾರದ ಪೆಲೊಕನ್ ಮೊದಲಾದ ಉಪಬಗೆಗಳಿವೆ. ಯೋಗ್ಯಕರ್ತದಲ್ಲಿ ಙಬೆಹನ್ ಮತ್ತು ಬನರನ್. ಲದ್ರಂಗಿನಲ್ಲೂ ಕದಿಪಾತೆನ್, ಕಚಿರ್, ಚಪು ಎಂಬ ಭೇದಗಳಿವೆ. ಇವನ್ನು ಪುಸ್ತಕದ ಚಿತ್ರ ನೋಡಿ ಕಲಿಯುವುದು ಕಷ್ಟ, ಯಾಕೆಂದರೆ ಕೆತ್ತಿದವನ ಕೈಯ ವ್ಯತ್ಯಾಸವೇ ಕೆಲವೊಮ್ಮೆ ಉಪಬಗೆಯ ವ್ಯತ್ಯಾಸಕ್ಕಿಂತ ದೊಡ್ಡದಿರುತ್ತದೆ. ಸುರಕರ್ತದಲ್ಲಿ 2017ರ ಆಗಸ್ಟ್‌ನಲ್ಲಿ ತೆರೆದ ಕೆರಿಸ್ ನುಸಾಂತಾರಾ ಸಂಗ್ರಹಾಲಯ, ಯೋಗ್ಯಕರ್ತದಲ್ಲಿ 1935ರಿಂದ ಇರುವ ಸೊನೊಬುದೊಯೊ ಸಂಗ್ರಹಾಲಯ, ಇಂಥಲ್ಲಿ ಹತ್ತಾರನ್ನು ಒಟ್ಟಿಗೆ ನೋಡಿದಾಗ ಕಣ್ಣು ಪಳಗುತ್ತದೆ.

ಒರೆಯೊಂದನ್ನೇ ನೋಡಿ ನಿಲ್ಲಿಸಬಾರದು. ಎರಡೂ ಊರಿನ ಹಿಡಿಗಳು ಹೊರನೋಟಕ್ಕೆ ಒಂದೇ ವಂಶದವು, ಬಾಗಿದ ನುಣುಪು ಮರದ ಮೇಲೆ ‘ಪಾತ್ರಾ’ ಎಂಬ ಎರಡು ಸಣ್ಣ ಕುಸುರಿ ಕೆತ್ತನೆ. ಆದರೆ ಸುರಕರ್ತದ ಹಿಡಿ ದಪ್ಪ, ಎತ್ತರ. ಯೋಗ್ಯಕರ್ತದ್ದು ಸಣ್ಣ, ತೆಳು. ಪೆಂಡೊಕ್ಕಿನಲ್ಲೂ ಹಾಗೆಯೇ, ಸುರಕರ್ತಕ್ಕೆ ಕುಸುರಿ ಇಷ್ಟ, ಯೋಗ್ಯಕರ್ತದಲ್ಲಿ ನುಣುಪು ಪೆಂಡೊಕ್ ಹೆಚ್ಚು. ಒರೆ, ಹಿಡಿ, ಮೆಂಡಕ್, ಪೆಂಡೊಕ್ ನಾಲ್ಕೂ ಒಂದೇ ಗಗ್ರಕ್‌ನವಾಗಿರಬೇಕು ಎಂಬುದು ಜಾವಾದ ಶಿಸ್ತು. ಯೋಗ್ಯಕರ್ತದ ಬ್ರಂಗ್ಗಾಹ್‌ಗೆ ಸುರಕರ್ತದ ಹಿಡಿ ಸಿಕ್ಕಿಸಿದ್ದರೆ ಅದನ್ನು ವ್ಯಾಪಾರಿಯೊಬ್ಬ ಸಿಕ್ಕಿದ ಬಿಡಿಭಾಗಗಳಿಂದ ಜೋಡಿಸಿದ್ದಾನೆ ಎಂದೇ ತಿಳಿಯಬೇಕು. ಅಲಗಿಗೆ ಅದರಿಂದ ಕುಂದಿಲ್ಲ, ಬೆಲೆ ಮಾತ್ರ ಇಳಿಯಬೇಕು.

ಆಸ್ಥಾನಗಳಿಂದ ದೂರ

ಮದುರಾ ದ್ವೀಪಕ್ಕೆ ಬಂದರೆ ರುಚಿಯೇ ಬದಲು. ಮಧ್ಯ ಜಾವಾದ ಒರೆಕಾರ ಮರದ ಸಹಜ ಬಣ್ಣವನ್ನು ತೋರಿಸಲು ಮೇಲ್ಮೈಯನ್ನು ಬಯಲಾಗಿ ಬಿಟ್ಟರೆ, ಮದುರಾದವನು ಬಯಲು ಬಿಡಲು ಒಪ್ಪುವುದಿಲ್ಲ. ತಲೆಯಿಂದ ಗಂದಾರಿನ ತುದಿಯವರೆಗೆ ಬಳ್ಳಿ, ಹೂ, ಎಲೆಗಳ ಕೆತ್ತನೆ ಹರಿಯುವ ಒರೆಗಳು ಇಲ್ಲಿನವು. ಎಲೆಯಾಕಾರದ ತಲೆಯುಳ್ಳ ‘ದಾವುನನ್’ ಮದುರಾದ ಗುರುತು. ಹಿಡಿಗಳಲ್ಲೂ ದೊನೊರಿಕೊ ಎಂಬ ದಟ್ಟ ಕೆತ್ತನೆಯ ಬಗೆ ಇದೆ. ಸುಮೆನೆಪ್ ಅರಮನೆಯ ರೆಕ್ಕೆಯ ಕುದುರೆ, ಐರೋಪ್ಯ ಕಿರೀಟ ಇವೆಲ್ಲ ಆ ಕೆತ್ತನೆಯಲ್ಲಿ ಸೇರಿಕೊಂಡಿವೆ. ಸುಮೆನೆಪ್ ಜಿಲ್ಲೆಯ ಅಯೆಂಗ್ ತೊಂಗ್ ತೊಂಗ್ ಹಳ್ಳಿಯಲ್ಲಿ ಇಂದಿಗೂ ಮನೆಮನೆಯಲ್ಲಿ ಕೆರಿಸ್ ಕೆಲಸ ನಡೆಯುತ್ತದೆ. ಜಾವಾದ ಮಾರುಕಟ್ಟೆಗೆ ಬರುವ ಹೊಸ ಅಲಗುಗಳಲ್ಲಿ ದೊಡ್ಡ ಪಾಲು ಅಲ್ಲಿಯದು. ಮದುರಾದಲ್ಲಿ ಬಡಿದ ಅಲಗು ಸುರಕರ್ತ ಮಾದರಿಯ ಒರೆ ತೊಟ್ಟು ಸುರಕರ್ತದ್ದಾಗಿ ಮಾರಾಟವಾಗುವುದು ಹೀಗೆ.

ಉತ್ತರ ಕರಾವಳಿಯ ಚಿರೆಬೊನ್, ತೆಗಲ್ ಕಡೆ ಒರೆಗಿಂತ ಹಿಡಿಯೇ ಮಾತಾಡುತ್ತದೆ. ಒಳನಾಡಿನ ನುಣುಪು ಹಿಡಿಯ ಬದಲು ರಾಕ್ಷಸ ಮೂರ್ತಿಗಳು ಇಲ್ಲಿ ಬರುತ್ತವೆ. ಒರೆಗೆ ಬಣ್ಣದ ಚಿತ್ರ ಬರೆಯುವ ‘ಸುಂಗ್ಗಿಂಗನ್’ ಕರಾವಳಿಯಲ್ಲೂ ಇದೆ, ಸುರಕರ್ತದ ಆಸ್ಥಾನದಲ್ಲೂ ಇದೆ. ಅರಮನೆಯ ಸುಂಗ್ಗಿಂಗನ್‌ನಲ್ಲಿ ಕಾಡಿನ ಮೃಗಪಕ್ಷಿಗಳ ‘ಅಲಾಸ್-ಅಲಾಸನ್’ ವಿನ್ಯಾಸಕ್ಕೆ ಮೇಲುಸ್ಥಾನ. ಚಿತ್ರ ಬರೆದ ಒರೆಯಲ್ಲಿ ಮರದ ಅಂದ ಹೇಗೂ ಮುಚ್ಚಿಹೋಗುವುದರಿಂದ ಒಳಗಿನ ಮರ ಸಾದಾ ಇದ್ದರೆ ಅದನ್ನು ಕೊರತೆ ಎನ್ನಬಾರದು.

ಬಾಲಿ ಜಾವಾ ಅಲ್ಲವಾದರೂ ಗೊಂದಲ ತಪ್ಪಿಸಲು ಒಂದು ಮಾತು. ಜಾವಾದ ಅಲಗು ಸಾಮಾನ್ಯವಾಗಿ 35ರಿಂದ 38 ಸೆ.ಮೀ.; ಬಾಲಿಯದು ಅದಕ್ಕಿಂತ ಉದ್ದ, ತೂಕ. ಒರೆಗಳೂ ದೊಡ್ಡವು. ಸೆಸ್ರೆಂಗತನ್, ಕೊಜೊಂಗನ್, ಕೆಕಂಡಿಕನ್, ಬತುನ್ ಪೊಹ್ ಎಂಬ ಬೇರೆಯೇ ಆಕಾರಗಳಿವೆ. ಬೆನ್ನ ಮೇಲೆ ಹಿಡಿ ಭುಜದ ಹತ್ತಿರಕ್ಕೆ ಬರುವಂತೆ ಎತ್ತರದಲ್ಲಿ ಸಿಕ್ಕಿಸಿದ್ದರೆ ಅದು ಬಾಲಿಯ ಕ್ರಮ.

ಮರ

ಮಧ್ಯ ಜಾವಾದ ಒರೆಗೆ ರಾಜನೆನಿಸಿದ ಮರ ತಿಮೊಹೊ. ಸಸ್ಯಶಾಸ್ತ್ರದಲ್ಲಿ ಕ್ಲೈನ್‌ಹೋವಿಯ ಹಾಸ್ಪಿಟ. ಮರ ಬಿಳಿಚು, ಹಗುರ. ಹೆಚ್ಚಿನ ಮರಗಳಲ್ಲಿ ಇನ್ನೇನೂ ಇರುವುದಿಲ್ಲ. ಕೆಲವದರಲ್ಲಿ ಮಾತ್ರ ಕಡುಕಂದು, ಕಪ್ಪು ಮಚ್ಚೆಗಳು ಹರಡಿರುತ್ತವೆ, ಅವೇ ‘ಪೆಲೆತ್’. ಒರೆಯ ಬೆಲೆ ಈ ಮಚ್ಚೆಯಲ್ಲಿದೆ. ತಲೆಯನ್ನು ಸುತ್ತುವರಿದು ಪಟ್ಟಿಯಂತೆ ಹೋದರೆ ಪೆಲೆತ್ ಕೆಂಡಿತ್, ಚಿಮುಕಿಸಿದಂತೆ ಚದುರಿದ್ದರೆ ಪೆಲೆತ್ ಸೆಂಬುರ್, ಹೀಗೆ ಹತ್ತಾರು ಹೆಸರು. ಒಂದೊಂದು ವಿನ್ಯಾಸಕ್ಕೂ ಒಂದೊಂದು ಶಕುನ ಹೇಳುತ್ತಾರೆ. ನಂಬುವುದು ಬಿಡುವುದು ಕೊಳ್ಳುವವರಿಗೆ ಬಿಟ್ಟದ್ದು, ಆದರೆ ಬೆಲೆ ಮಾತ್ರ ಶಕುನ ನಂಬುವವರೇ ಕಟ್ಟಿದ್ದು.

ಬೆಲೆ ಇರುವಲ್ಲಿ ಕೃತಕವೂ ಇರುತ್ತದೆ. ಸಾದಾ ತಿಮೊಹೊ ಮೇಲೆ ಬಣ್ಣ ಹಾಕಿ ಮಚ್ಚೆ ಬರಿಸಿದ ಒರೆಗಳು ಬಹಳ. ಪರೀಕ್ಷೆ ಸುಲಭ. ಕೆರಿಸ್ ಹೊರತೆಗೆದು ಬಾಯಿಯ ಒಳಗೋಡೆಯನ್ನು ಬೆಳಕು ಹಾಯಿಸಿ ನೋಡಿ. ನಿಜವಾದ ಪೆಲೆತ್ ಮರದ ಆಳಕ್ಕಿಳಿದಿರುತ್ತದೆ. ಹೊರಗಿನ ಮಚ್ಚೆಯ ನೇರಕ್ಕೆ ಒಳಗೂ ಕಪ್ಪು ಕಾಣಬೇಕು. ಹೊರಗೆ ದಟ್ಟ ಕಪ್ಪು, ಒಳಗೆ ಶುದ್ಧ ಬಿಳುಪು ಎಂದಾದರೆ ಅನುಮಾನಿಸಿ. ಹಾಗೆಯೇ ಮಚ್ಚೆಯ ಅಂಚು ಮರದ ಎಳೆಯನ್ನು ಅನುಸರಿಸಬೇಕು. ಎಳೆಯನ್ನು ಲೆಕ್ಕಿಸದೆ ಅಡ್ಡಾದಿಡ್ಡಿ ಹರಿದ ಅಂಚು ಕುಂಚದ ಕೆಲಸ.

ಎರಡನೆಯ ಮರ ಚೆಂದನ, ಅಂದರೆ ಶ್ರೀಗಂಧ. ತಿಮೋರ್ ಕಡೆಯಿಂದ ಜಾವಾಕ್ಕೆ ಬರುವ ಚೆಂದನವೂ ನಮ್ಮ ಕಾಡಿನ ಗಂಧವೂ ಒಂದೇ ಜಾತಿ, ಸ್ಯಾಂಟಲಮ್ ಆಲ್ಬಮ್. ಸಾಗರ, ಸೊರಬದ ಗುಡಿಗಾರರಿಗೆ ಗೊತ್ತಿರುವ ಗುಣಗಳೇ ಅಲ್ಲಿಯ ಒರೆಕಾರರಿಗೂ ಬೇಕಾದವು: ಬಿಗಿಯಾದ ಎಳೆ, ಉಳಿಗೆ ಅಂಚು ಮುರಿಯದೆ ಒಪ್ಪಿಕೊಳ್ಳುವ ಗುಣ, ಚೇಗಿನಲ್ಲಿರುವ ಎಣ್ಣೆ. ಬಿಳಿಮರಕ್ಕೆ ವಾಸನೆಯಿಲ್ಲ, ಆದ್ದರಿಂದ ಒರೆಗೆ ಚೇಗೇ ಆಗಬೇಕು. ಲದ್ರಂಗಿನ ತಲೆಯಷ್ಟು ಅಗಲದ ಚೇಗು ಸಿಗಬೇಕಾದರೆ ಮರ ವಯಸ್ಸಾದದ್ದಿರಬೇಕು, ಈಗ ಅಂಥದ್ದು ದುಬಾರಿ. ಸಾದಾ ಮರಕ್ಕೆ ಗಂಧದೆಣ್ಣೆ ಸವರಿ ಚೆಂದನ ಎಂದು ಮಾರುವುದೂ ಉಂಟು. ಎಣ್ಣೆಯ ಪರಿಮಳ ಹೊರಮೈಯಲ್ಲಿ ಜೋರಾಗಿದ್ದು ಕ್ರಮೇಣ ಹಾರಿಹೋಗುತ್ತದೆ; ನಿಜವಾದ ಗಂಧದ ಒರೆಯಲ್ಲಿ ಅಲಗು ಹೊರತೆಗೆದಾಗ ಒಳಗಿಂದ ವಾಸನೆ ಬರುತ್ತದೆ.

ಮೂರನೆಯದು ಟ್ರೆಂಬಲೊ. ಬೆಳಕಿನಲ್ಲಿ ತಿರುಗಿಸಿದಾಗ ಮೇಲ್ಮೈಯೊಳಗೆ ಹೊಳಪಿನ ಪಟ್ಟೆ ಓಡಾಡುವ ಗುಣಕ್ಕೆ ‘ಙಿಂದೆನ್’ ಎನ್ನುತ್ತಾರೆ. ಟ್ರೆಂಬಲೊದ ಬೆಲೆ ಅದರಲ್ಲಿದೆ, ಸುರಕರ್ತದವರಿಗೆ ಇದು ವಿಶೇಷ ಪ್ರೀತಿ. ಉಳಿದಂತೆ ಅವಾರ್-ಅವಾರ್, ಕೆಮುನಿಂಗ್, ಸಾವೊ, ಹುಣಸೆಯ ಚೇಗು, ತೇಗದ ಗಂಟು ಕೂಡ ಬಳಕೆಯಲ್ಲಿವೆ. ಬಲು ಗಟ್ಟಿ ಮರ ಒಳ್ಳೆಯದೆಂದು ತಿಳಿಯಬೇಡಿ. ಒರೆಯ ಮರ ಅಲಗಿಗಿಂತ ಮೆದುವಾಗಿರಬೇಕು, ರಾಳ ಸುರಿಸಬಾರದು, ಮಳೆಗಾಲ-ಬೇಸಿಗೆಗೆ ಹೆಚ್ಚು ಉಬ್ಬಿ ಕುಗ್ಗಬಾರದು.

ತಲೆ ಮತ್ತು ಗಂದಾರ್ ಒಂದೇ ತುಂಡಿನಲ್ಲಿ ಬಂದ ಒರೆಗೆ ‘ಗಂದಾರ್ ಇರಾಸ್’ ಎನ್ನುತ್ತಾರೆ. ಇದಕ್ಕೆ ಗೌರವ ಹೆಚ್ಚು, ಬೆಲೆಯೂ ಹೆಚ್ಚು, ಯಾಕೆಂದರೆ ಇಷ್ಟು ದೊಡ್ಡ ದಿಮ್ಮಿಯಲ್ಲಿ ಬಹುಪಾಲು ಸಿಬಿರಾಗಿ ಹೋಗುತ್ತದೆ. ಆದರೆ ಬಲದ ದೃಷ್ಟಿಯಿಂದ ಇರಾಸ್ ಮೇಲು ಎನ್ನಲಾಗದು. ಒಂದೇ ತುಂಡಾದ್ದರಿಂದ ಮರದ ಎಳೆ ಗಂದಾರಿನ ಉದ್ದಕ್ಕೆ ಹೋಗಬೇಕು. ಆಗ ಅಡ್ಡಕ್ಕೆ ಚಾಚಿದ ತಲೆಯ ತುದಿಗಳಲ್ಲಿ ಎಳೆ ಗಿಡ್ಡವಾಗಿ ಕತ್ತರಿಸಿಹೋಗುತ್ತದೆ, ತಗುಲಿದರೆ ಮುರಿಯುತ್ತದೆ. ಬೇರೆ ಬೇರೆ ತುಂಡುಗಳಲ್ಲಿ ಮಾಡಿದಾಗ ತಲೆಗೆ ಅಡ್ಡ ಎಳೆ, ಗಂದಾರಿಗೆ ಉದ್ದ ಎಳೆ ಎಂದು ಆರಿಸಿಕೊಳ್ಳಬಹುದು. ಅಂಟಿಸಿದ್ದು ಎಂಬ ಒಂದೇ ಕಾರಣಕ್ಕೆ ಒರೆಯನ್ನು ಹೀಗಳೆಯುವವರು ಇದನ್ನು ಗಮನಿಸಬೇಕು.

ಪೆಂಡೊಕ್

ಲೋಹದ ಕವಚ ಹಿತ್ತಾಳೆ, ತಾಮ್ರ, ಬೆಳ್ಳಿ, ಚಿನ್ನ-ತಾಮ್ರ ಬೆರೆತ ಸುವಾಸಾ ಅಥವಾ ಚಿನ್ನದ್ದಿರಬಹುದು. ಪೂರ್ತಿ ಮುಚ್ಚಿದ ಕೊಳವೆಯಾದರೆ ಬುಂತೊನ್. ಮುಂಭಾಗದಲ್ಲಿ ಉದ್ದಕ್ಕೆ ಸೀಳಿದ್ದು ಬ್ಲೆವಾಹ್, ಆ ಸೀಳಿನಲ್ಲಿ ಗಂದಾರಿನ ಮರ ಕಾಣುತ್ತದೆ. ನಡುವೆ ಮಾತ್ರ ಕಿಂಡಿ ಬಿಟ್ಟದ್ದು ತೊಪೆಂಗನ್. ಬ್ಲೆವಾಹ್ ಸೀಳಿನೊಳಗೆ ಬೇರೆ ಬಣ್ಣದ ಲೋಹದ ತಗಡು ಸೇರಿಸಿದರೆ ಅದು ಸ್ಲೊರೊಕ್. ಇರಾಸ್ ಒರೆ ಇದ್ದವರು ಬ್ಲೆವಾಹ್ ಹಾಕಿಸುವುದು ಸಹಜ, ತಲೆಯ ಮಚ್ಚೆ ಗಂದಾರಿಗೂ ಇಳಿದಿರುವುದನ್ನು ತೋರಿಸಲು ಅದು ಒಳ್ಳೆಯ ದಾರಿ. ಬುಂತೊನ್ ತೊಡಿಸಿದ ಒರೆಯನ್ನು ಇರಾಸ್ ಎಂದು ಹೇಳಿದರೆ ಕವಚ ಜಾರಿಸಿ ತೋರಿಸಲು ಕೇಳಿ. ಅರಗಿನಂಥ ಲೇಪ ಹಾಕಿದ ಕೆಮಾಲೊ ಪೆಂಡೊಕ್ ಸುರಕರ್ತದ ಆಸ್ಥಾನದಲ್ಲಿ ದರ್ಜೆ ಸೂಚಿಸುತ್ತಿತ್ತು. ಕೆಂಪು, ಹಸಿರು, ಕಂದು, ಕಪ್ಪು ಬಣ್ಣಗಳಲ್ಲಿ ಕೆಂಪು ಎಲ್ಲಕ್ಕಿಂತ ಮೇಲಿನದು.

ಒರೆ ಮಾಡುವವನ ಲೆಕ್ಕ

ಅಲಗು ಬಡಿಯುವವನು ಎಂಪು, ಒರೆ ಮಾಡುವವನು ಮ್ರಂಗ್ಗಿ. ಎರಡು ಬೇರೆ ಕಸುಬು. ಯೋಗ್ಯಕರ್ತ ಪ್ರಾಂತದ ಇಮೊಗಿರಿ ಬಳಿಯ ಬನ್ಯುಸುಮುರುಪ್ ಹಳ್ಳಿ ಒರೆ, ಪೆಂಡೊಕ್, ಮೆಂಡಕ್‌ಗಳಿಗೇ ಹೆಸರಾದದ್ದು.

ಸಿದ್ಧ ಒರೆಗೆ ಅಲಗು ಹೊಂದಿಸುವುದಲ್ಲ, ಅಲಗಿಗೆ ಒರೆ ಮಾಡುವುದು ಸರಿಯಾದ ಕ್ರಮ. ಕಾರಣ ಗೊಂಜೊ. ಜಾವಾದ ಒರೆಯಲ್ಲಿ ಗೊಂಜೊ ತಲೆಯ ಬಾಯಿಯೊಳಗೆ ಇಳಿದು, ಮರದ ಮೇಲ್ಮೈಗೆ ಹೆಚ್ಚುಕಡಿಮೆ ಸಮನಾಗಿ ಕೂರಬೇಕು. ಅದರ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಪಕ್ಕದಿಂದ ನೋಡಿದರೆ ಒಂದರ ಕೆಳಗೆರೆ ನೇರ, ಇನ್ನೊಂದರದು ಬಾಗು, ಮತ್ತೊಂದರದು ಅಲೆಯಂತೆ. ಯಾವ ಎರಡು ಅಲಗಿನ ಗೊಂಜೊಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ. ಒಳ್ಳೆಯ ಮ್ರಂಗ್ಗಿ ಹೊರರೂಪ ಬಿಡಿಸುವ ಮೊದಲೇ ಈ ಬಾಯಿಯನ್ನು ಮುಗಿಸಿಕೊಳ್ಳುತ್ತಾನೆ. ಕೊರೆಯುವಾಗ ಬಾಯಿ ಒಂದೆರಡು ಮಿಲಿಮೀಟರ್ ವಾಲಿದರೂ ಹೊರಗಿನ ರೂಪವನ್ನು ಅದಕ್ಕೆ ತಕ್ಕಂತೆ ಸರಿಸಬಹುದು. ರೂಪ ಮೊದಲು ಮುಗಿದಿದ್ದರೆ ಒರೆ ಸೊಟ್ಟಗಾದದ್ದು ಹಾಗೆಯೇ ಉಳಿಯುತ್ತದೆ.

ಬಳುಕು ಅಲಗಿಗೆ ಒಳಗೂ ಬಳುಕು ದಾರಿ ಕೊರೆಯುತ್ತಾರೆಂದು ಹಲವರು ತಿಳಿದಿರುತ್ತಾರೆ. ಹಾಗೆ ಕೊರೆದರೆ ಅಲಗು ಹೊರಗೇ ಬಾರದು. ಒಳದಾರಿ ನೇರ, ಬಳುಕಿನ ಪೂರ್ತಿ ಅಗಲಕ್ಕೆ ಸಾಲುವಷ್ಟು ಅಗಲ. ಅಂದಮೇಲೆ ಅಲಗಿನ ಅಂಚು ಗೋಡೆಗೆ ಆತುಕೊಂಡು ನಿಲ್ಲುವ ಪ್ರಶ್ನೆಯಿಲ್ಲ, ಇಡೀ ಹಿಡಿತ ಗೊಂಜೊ ಮತ್ತು ಬಾಯಿಯದ್ದೇ. ಸರಿಯಾಗಿ ಕೂತ ಕೆರಿಸ್ ಒರೆಯನ್ನು ತಲೆಕೆಳಗು ಮಾಡಿದರೂ ತಾನಾಗಿ ಜಾರದು, ಅಲುಗಾಡಿಸಿದರೆ ಒಳಗೆ ಸದ್ದಾಗದು, ಆದರೂ ಹೆಬ್ಬೆರಳ ಒತ್ತಿಗೆ ಬಿಟ್ಟುಕೊಡುತ್ತದೆ. ಸದ್ದಾದರೆ ಆ ಒರೆ ಬೇರೆ ಅಲಗಿನದು.

ರೂಪ ಮುಗಿದ ಮೇಲೆ ಅರ, ಉಳಿ, ಚೂರಿಗಳ ಗುರುತನ್ನು ಅಳಿಸಲು ಹಿಂದೆ ಅಂಪೆಲಾಸ್ ಎಲೆಯಿಂದ ಉಜ್ಜುತ್ತಿದ್ದರು. ಮಲೆನಾಡಿನ ಗರಗತ್ತಿಯಂತೆ ಅದೂ ಅತ್ತಿಯ ಬಳಗದ ಒರಟು ಎಲೆ. ಈಗ ಮರಳು ಕಾಗದ ಬಂದಿದೆ. ದಪ್ಪ ವಾರ್ನಿಷ್ ಬಳಿದ ಒರೆ ಕಂಡರೆ ಹಿಂದೆ ಸರಿಯಿರಿ. ಅದು ಬಿರುಕನ್ನ, ತುಂಬಿದ ಪುಡಿಯನ್ನ, ಬಣ್ಣದ ಪೆಲೆತ್ತನ್ನ ಏಕಕಾಲಕ್ಕೆ ಮುಚ್ಚುತ್ತದೆ.

ಏನು ಕೆಡುತ್ತದೆ, ಯಾಕೆ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಹಾನಿ ಬಾಯಿಯ ಬಿರುಕು. ಕೆರಿಸನ್ನು ಹಿಂದುಮುಂದಾಗಿ ತುರುಕಿದಾಗ ಗೊಂಜೊದ ಅಗಲದ ತಲೆ ಕಿರಿದಾದ ಕಡೆಗೆ ಬಂದು ಬೆಣೆಯಾಗುತ್ತದೆ, ಮರ ಎಳೆಯುದ್ದಕ್ಕೆ ಸೀಳುತ್ತದೆ. ಹೊರತೆಗೆಯುವಾಗಲೇ ಅಗಲದ ಭಾಗ ಯಾವ ಕಡೆಗಿತ್ತು ಎಂದು ನೋಡಿಟ್ಟುಕೊಳ್ಳಬೇಕು.

ಬಿಗಿಯಾದ ಕೆರಿಸನ್ನು ತಿರುಚಿ ಎಳೆಯಬಾರದು. ಹಿಡಿಗೆ ಅಂಟಿಲ್ಲವಾದ್ದರಿಂದ ಹಿಡಿ ಮಾತ್ರ ತಿರುಗುತ್ತದೆ, ಪೆಸಿ ಸಡಿಲವಾಗುತ್ತದೆ. ಪೆಸಿ ತುಕ್ಕು ಹಿಡಿದಿದ್ದರೆ ಮುರಿದೇಹೋಗುತ್ತದೆ. ಒರೆಯನ್ನು ಎಡಗೈಯ ಅಂಗೈಯಲ್ಲಿ ಕೆಳಗಿನಿಂದ ಆನಿಸಿ, ಹಿಡಿಯನ್ನು ಬಲಗೈಯಲ್ಲಿ ಹಿಡಿದು, ಎಡ ಹೆಬ್ಬೆರಳಿನಿಂದ ಒರೆಯ ತಲೆಯನ್ನು ನೇರಕ್ಕೆ ತಳ್ಳಬೇಕು. ಗಂದಾರನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯಬೇಡಿ. ಎರಡು ಹೋಳು ಅಂಟಿಸಿದ ಗಂದಾರಿನ ಬೆಸುಗೆ ಬಿಟ್ಟಿದ್ದರೆ ಅಂಚು ಬೆರಳಿಗೇ ಬರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಬಾರದೇ ಇದ್ದರೆ ಬಲ ಹಾಕದೆ, ಒಣ ಕೋಣೆಯಲ್ಲಿ ಕೆಲವು ದಿನ ಬಿಟ್ಟು ನೋಡುವುದು ಮೇಲು. ಬಿಸಿಲಿಗಿಟ್ಟರೆ ಮರ ಒಮ್ಮೆಗೇ ಕುಗ್ಗಿ ಬಿರಿಯುತ್ತದೆ.

ಜಾವಾ ಪಂಚಾಂಗದ ಮೊದಲ ತಿಂಗಳಾದ ಸುರೊದಲ್ಲಿ ಅಲಗು ತೊಳೆಯುವ ಪದ್ಧತಿಯಿದೆ. ನಿಂಬೆರಸ, ಅದರಲ್ಲಿ ಕದಡಿದ ವಾರಂಗನ್ ಎಂಬ ಪಾಷಾಣ ಖನಿಜ. ಬೇರೆ ಬೇರೆ ಲೋಹದ ಪದರಗಳಿಂದ ಅಲಗಿನಲ್ಲಿ ಮೂಡುವ ಪಮೊರ್ ಎಂಬ ವಿನ್ಯಾಸ ಎದ್ದು ಕಾಣಲು ಇದು ಬೇಕು. ತೊಳೆದ ಅಲಗನ್ನು ಅರೆಬರೆ ಒಣಗಿಸಿ ಒರೆಗೆ ಹಾಕಿದರೆ ಹುಳಿ ಮತ್ತು ತೇವ ಎರಡೂ ಮರಕ್ಕೆ ಇಳಿಯುತ್ತವೆ, ಮುಂದಿನ ವರ್ಷದವರೆಗೆ ಅಲಗನ್ನು ಒಳಗಿಂದಲೇ ತಿನ್ನುತ್ತವೆ. ಎಣ್ಣೆಯದ್ದು ಇನ್ನೊಂದು ಅತಿ. ಗಂಧದೆಣ್ಣೆ, ಮಲ್ಲಿಗೆಯೆಣ್ಣೆ ಧಾರಾಳವಾಗಿ ಸುರಿದರೆ ಅದು ಒರೆಯ ತಳಕ್ಕಿಳಿದು ಧೂಳು ಹಿಡಿಯುತ್ತದೆ, ಬಾಯಿಯ ಸುತ್ತ ಮರ ಕಪ್ಪಾಗುತ್ತದೆ, ಹಳೆಯ ಅಂಟು ಸಡಿಲುತ್ತದೆ. ಬಟ್ಟೆಯಲ್ಲಿ ಒರೆಸಿದ ಮೇಲೆ ಉಳಿಯುವ ತೆಳು ಪದರ ಸಾಕು. ಹಳೆಯ ಒರೆಯ ಒಳಗೆ ಬೆರಳು ಹಾಕಿ ಉಜ್ಜಬೇಡಿ, ಪಾಷಾಣದ ಅಂಶ ಅಲ್ಲಿರಬಹುದು. ಮದುವೆಯಲ್ಲಿ ವರನ ಕೆರಿಸ್‌ಗೆ ಕಟ್ಟುವ ಮಲ್ಲಿಗೆ ಮಾಲೆಯನ್ನು ಅಂದೇ ಬಿಚ್ಚಬೇಕು, ಬಾಡಿದ ಹೂವಿನ ನೀರು ಮರದ ಮೇಲೂ ಹಿತ್ತಾಳೆಯ ಮೇಲೂ ಕಲೆ ಬಿಡುತ್ತದೆ.

ಪ್ರವಾಸಕ್ಕೆ ಹೋದವರು ಕೆರಿಸ್ ಕೊಂಡು ತರುವುದಾದರೆ ವಿಮಾನದಲ್ಲಿ ಅದು ಕೈಚೀಲದಲ್ಲಿ ಬರುವಂತಿಲ್ಲ. ಲದ್ರಂಗ್ ಒರೆಯಾದರೆ ಅಲಗನ್ನು ಹೊರತೆಗೆದು ಬೇರೆ ಸುತ್ತಿ, ಒರೆಯ ತಲೆಯ ಎರಡೂ ತುದಿಗೆ ಮೆತ್ತೆ ಕೊಟ್ಟು, ಮೇಲೆ ಭಾರ ಬೀಳದಂತೆ ಗಟ್ಟಿ ಪೆಟ್ಟಿಗೆಯಲ್ಲಿಡಿ. ಗೊಡೊಂಗ್‌ನ ತೆಳು ಸುರುಳಿಯೇ ಮೊದಲು ಮುರಿಯುವುದು. ಮದುರಾದ ಹಳೆಯ ಹಿಡಿ ಅಥವಾ ಒರೆಯ ಅಲಂಕಾರ ಆನೆದಂತದ್ದಾಗಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದ ಮತ್ತು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡರ ಅಡಿಯಲ್ಲೂ ದಂತ ತರುವುದಕ್ಕೆ ತಡೆಯಿದೆ, ಹಳೆಯದು ಎಂಬ ವ್ಯಾಪಾರಿಯ ಬಾಯಿಮಾತು ಕಸ್ಟಮ್ಸ್ ಕಟ್ಟೆಯಲ್ಲಿ ನಡೆಯುವುದಿಲ್ಲ. ಅದೇ ಆಕಾರದ ಕೆಮುನಿಂಗ್ ಮರದ ಹಿಡಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ, ಪೆಸಿಗೆ ಸರಿಯಾಗಿ ಕೂರಿಸಿಕೊಟ್ಟ ಮೇಲೆ ಹಣ ಕೊಡಿ.